ದಡದಲ್ಲಿ ಒಬ್ಬರಿರಬೇಕು

(ಶಿವಮೊಗ್ಗದ ಗೋಪಾಳದಲ್ಲಿ ದಯಪಾಲಿಸಿದ ಆಶೀರ್ವಚನ)



ಭದ್ರಾವತಿಯ ಕಡೆಯಿಂದ ಇಲ್ಲಿಗೆ ಬರುವಾಗ ತುಂಗೆಯ ಸೇತುವೆಯ ಮೇಲೆ ನಮ್ಮ ವಾಹನ ಸ್ವಲ್ಪ ಹೊತ್ತು ನಿಂತಿತು. ಕೆಳಗೆ ನೋಡಿದೆವು. ತಲೆ ನರೆತ ಮೀನುಗಾರನೊಬ್ಬ ತೆಪ್ಪದಲ್ಲಿ ಒಬ್ಬನೇ ಕುಳಿತು ಬಲೆ ಎಳೆಯುತ್ತಿದ್ದ. ಬಲೆ ಮೇಲೆ ಬಂತು, ಅದರಲ್ಲಿ ಏನೂ ಇರಲಿಲ್ಲ. ಆತ ಬಲೆಯನ್ನು ಕೊಡವಿ ಮತ್ತೆ ಬೀಸಿದ. ಗೋಪಾಳದ ಸದ್ಭಕ್ತರಿಗೆ ಇಂದು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದ ನಮಗೆ ವಿಷಯ ಅಲ್ಲಿಯೇ ಸಿಕ್ಕಿತು.

ಮಠದ ಸ್ವಾಮಿಗಳು ಮೀನು ಹಿಡಿಯುವವನ ಮಾತನ್ನೇಕೆ ಎತ್ತಿದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅನ್ನಿಸಲಿ. ಈ ತುಂಗೆ ಕೂಡಲಿಯಲ್ಲಿ ಭದ್ರೆಯೊಡನೆ ಸೇರಿ ತುಂಗಭದ್ರೆಯಾಗಿ ಹರಿಯುತ್ತಾಳಲ್ಲವೇ? ಅವಳ ದಡದಲ್ಲಿಯೇ, ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಚೌಡದಾನಪುರವೆಂಬ ಊರಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ಊರು ಅದು. ಹುಟ್ಟು ಹಿಡಿದು ದೋಣಿ ನಡೆಸುವುದು ಅವರ ಕಾಯಕ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ, ಚೌಡಯ್ಯನವರು ಕಾಯಕದೊಡನೆ ಬೆರೆತ ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು. ನೀರನ್ನು ನಂಬಿ ದುಡಿಯುವವನ ಕೈಯನ್ನು ಶರಣಧರ್ಮ ಕೀಳೆಂದು ಕಾಣಲಿಲ್ಲ. ಆದುದರಿಂದ ನಾವೂ ಸಂಕೋಚವಿಲ್ಲದೆ ಒಂದು ಕಥೆ ಹೇಳುತ್ತೇವೆ.

ದೂರದ ಕ್ಯೂಬಾ ದೇಶದ ಕಥೆ. ಅಮೆರಿಕದ ಲೇಖಕ ಹೆಮಿಂಗ್ವೇ ಬರೆದದ್ದು, 1952ರಲ್ಲಿ ಅಚ್ಚಾಯಿತು. ಎರಡು ವರ್ಷಗಳ ನಂತರ ಆತನಿಗೆ ನೊಬೆಲ್ ಬಹುಮಾನ ಬಂತು. ಕಥೆಯಲ್ಲಿ ಸ್ಯಾಂಟಿಯಾಗೋ ಎಂಬ ಮುದುಕ. 84 ದಿನ ಕಡಲಿಗೆ ಹೋದರೂ ಅವನಿಗೆ ಒಂದು ಮೀನೂ ಸಿಗಲಿಲ್ಲ. ಮೊದಲ 40 ದಿನ ಅವನ ಜೊತೆಗೆ ಒಬ್ಬ ಹುಡುಗನಿದ್ದ. ಆ ಹುಡುಗನ ತಂದೆತಾಯಿಗಳು, ‘ಈ ಮುದುಕನ ಅದೃಷ್ಟವೇ ಕೆಟ್ಟಿದೆ’ ಎಂದು ಮಗನನ್ನು ಬೇರೆ ದೋಣಿಗೆ ಕಳುಹಿಸಿದರು. 85ನೆಯ ದಿನ ಮುದುಕ ಒಬ್ಬನೇ ಬಹುದೂರ ಹೋದ. ಮಧ್ಯಾಹ್ನದ ಹೊತ್ತಿಗೆ ಗಾಳಕ್ಕೆ ಮಹಾಮೀನೊಂದು ಸಿಕ್ಕಿತು. ಅವನ ದೋಣಿಗಿಂತ ಎರಡಡಿ ಉದ್ದ, 18 ಅಡಿಯ ಮೀನು! ಅದು ದೋಣಿಯನ್ನೇ ಎಳೆದುಕೊಂಡು ಹೊರಟಿತು. ಗಾಳದ ಹುರಿಯನ್ನು ಬೆನ್ನಿಗೆ ಹಾಕಿಕೊಂಡು ಎರಡು ಹಗಲು, ಎರಡು ರಾತ್ರಿ ಮುದುಕ ಬಿಡದೆ ಹಿಡಿದ. ಅಂಗೈ ಕೊಯ್ದು ರಕ್ತ ಬಂತು, ಎಡಗೈ ಸೆಟೆದುಕೊಂಡಿತು. ಮೂರನೆಯ ದಿನ ಮೀನನ್ನು ಗೆದ್ದು ದೋಣಿಯ ಪಕ್ಕಕ್ಕೆ ಕಟ್ಟಿಕೊಂಡ. ಆದರೆ ರಕ್ತದ ವಾಸನೆ ಹಿಡಿದು ಶಾರ್ಕುಗಳು ಬಂದವು. ಒಂದನ್ನು ಕೊಂದರೆ ಎರಡು ಬಂದವು. ದಡ ಮುಟ್ಟುವಾಗ ಉಳಿದದ್ದು ತಲೆ, ಬಾಲ, ನಡುವೆ ಬಿಳಿಯ ಎಲುಬು.

‘ಪ್ರಾಣಿಯನ್ನು ಕೊಂದವನ ಕಥೆ ನಮಗೇಕೆ? ದಯೆಯಿಲ್ಲದಲ್ಲಿ ಧರ್ಮವೆಲ್ಲಿ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದೇ ತುಂಗೆಯ ಮೇಲ್ದಂಡೆಯಲ್ಲಿ, ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ಮೆಟ್ಟಿಲ ತನಕ ಬರುತ್ತವೆ. ಜನ ಅವಕ್ಕೆ ಆಹಾರ ಹಾಕುತ್ತಾರೆ. ಅಲ್ಲಿ ಗಾಳ ಹಾಕುವಂತಿಲ್ಲ. ಅಂಥ ದಯೆ ನಮ್ಮ ನೆಲದಲ್ಲಿದೆ. ಆದರೆ ಆ ಮುದುಕನೂ ನಿರ್ದಯನಲ್ಲ. ಮೀನನ್ನು ಸಹೋದರನೆಂದೇ ಭಾವಿಸುತ್ತಾನೆ, ಅದಕ್ಕಾಗಿ ಮರುಗುತ್ತಾನೆ. ತಾನು ಎಲ್ಲೆ ಮೀರಿ ದೂರ ಹೋದೆನೆಂಬುದು ಕೊನೆಗೆ ಅವನಿಗೇ ತಿಳಿಯುತ್ತದೆ.

ಎಲ್ಲೆ ಮೀರುವುದೆಂದರೇನು? ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನಿಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದರು. ಮಾರಯ್ಯನವರಿಗೆ ಎಲ್ಲೆಯನ್ನು ತೋರಿಸಲು ಮನೆಯ ಬಾಗಿಲಲ್ಲಿ ಲಕ್ಕಮ್ಮ ಇದ್ದರು. ಆ ಮುದುಕನ ಗುಡಿಸಲಿನಲ್ಲಿ ಯಾರಿದ್ದರು? ‘ಸಾಕು, ಇಷ್ಟು ದೂರ ಹೋಗಬೇಡ’ ಎನ್ನುವವರು ಯಾರೂ ಇರಲಿಲ್ಲ. ಕಡಲಿನ ನಡುವೆ ಅವನು ಮತ್ತೆ ಮತ್ತೆ ಹಂಬಲಿಸುವುದು ಒಂದನ್ನೇ: ಆ ಹುಡುಗ ಜೊತೆಗಿದ್ದಿದ್ದರೆ!

ಇನ್ನೊಂದು ಸಂಗತಿ ಹೇಳುತ್ತೇವೆ, ಗಮನವಿಟ್ಟು ಕೇಳಿ. ಈ ಕಥೆ ಪೂರ್ತಿ ಕಲ್ಪನೆಯಲ್ಲ. 1936ರಲ್ಲಿಯೇ ಅದೇ ಲೇಖಕ ಪತ್ರಿಕೆಯೊಂದರಲ್ಲಿ ಒಬ್ಬ ಮುದುಕನ ಸುದ್ದಿ ಬರೆದಿದ್ದ. ಆ ಮುದುಕನನ್ನೂ ದೊಡ್ಡ ಮೀನು ಕಡಲಿನೊಳಕ್ಕೆ ಎಳೆದೊಯ್ದಿತ್ತು. ಎರಡು ದಿನದ ಮೇಲೆ 60 ಮೈಲಿ ದೂರದಲ್ಲಿ ಬೇರೆ ಮೀನುಗಾರರು ಅವನನ್ನು ಕಂಡರು. ಮೀನಿನ ಅರ್ಧಕ್ಕಿಂತ ಹೆಚ್ಚನ್ನು ಶಾರ್ಕುಗಳು ತಿಂದಿದ್ದವು. ಉಳಿದದ್ದೇ 800 ಪೌಂಡ್ ತೂಗುತ್ತಿತ್ತು. ಮುದುಕ ದೋಣಿಯಲ್ಲಿ ಕುಳಿತು, ಬುದ್ಧಿ ಕೆಟ್ಟವನಂತೆ ಅಳುತ್ತಿದ್ದ. ಸುದ್ದಿ ಅಷ್ಟೇ. ಅದರಲ್ಲಿ ಹುಡುಗನಿಲ್ಲ.

ಹದಿನಾರು ವರ್ಷಗಳ ಮೇಲೆ ಅದು ಪುಸ್ತಕವಾದಾಗ ಹುಡುಗ ಬಂದ. ಮುದುಕ ಕೊರೆದ ಕೈಗಳೊಡನೆ ಗುಡಿಸಲಿಗೆ ಬಂದು ಬೋರಲಾಗಿ ಮಲಗಿರುತ್ತಾನೆ. ಬೆಳಿಗ್ಗೆ ಹುಡುಗ ಬಂದು ಆ ಕೈಗಳನ್ನು ನೋಡಿ ಅಳುತ್ತಾನೆ, ಬಿಸಿ ಕಾಫಿ ತಂದು ಕೊಡುತ್ತಾನೆ. ‘ಇನ್ನು ಮೇಲೆ ನಾನು ನಿನ್ನ ಜೊತೆಗೇ ಬರುತ್ತೇನೆ’ ಎಂದು ಮಾತು ಕೊಡುತ್ತಾನೆ. ಮೀನು ಹೋಯಿತು, ದುಡ್ಡು ಹೋಯಿತು. ಆದರೂ ಈ ಮುದುಕ ಅಳುತ್ತಿಲ್ಲ, ನೆಮ್ಮದಿಯಾಗಿ ನಿದ್ರೆ ಮಾಡುತ್ತಾನೆ. ಹಿಂದೆ ಆ ಹುಡುಗ ಐದು ವರ್ಷದವನಿದ್ದಾಗ ಅವನನ್ನು ದೋಣಿ ಹತ್ತಿಸಿ ಕೆಲಸ ಕಲಿಸಿದವನು ಇವನೇ. ಕಲಿಸಿದ್ದು ಶಾರ್ಕಿನ ಬಾಯಿಗೆ ಸಿಗಲಿಲ್ಲ.

ಈ ಗೋಪಾಳದಲ್ಲಿ ನಿವೃತ್ತರಾದ ಹಿರಿಯರು ಬಹಳ ಮಂದಿ ಇದ್ದೀರಿ. ನಿನ್ನೆ ಒಬ್ಬ ಹಿರಿಯರು ನಮ್ಮ ಬಳಿ ಹೇಳಿಕೊಂಡರು: “ಬುದ್ಧೀ, ನಲವತ್ತು ವರ್ಷ ದುಡಿದೆ. ಮನೆ ಕಟ್ಟಿಸಿದೆ, ಮಕ್ಕಳನ್ನು ಓದಿಸಿದೆ. ಈಗ ಮನೆಯಲ್ಲಿ ಉಳಿದವರು ನಾನು, ಗೋಡೆಯ ಗಡಿಯಾರ.” ಸಭೆ ನಗಬಾರದು. ಅವರು ನಗುತ್ತಲೇ ಹೇಳಿದರು, ಕಣ್ಣು ಮಾತ್ರ ತುಂಬಿತ್ತು. ಅವರೂ ಮಹಾಮೀನನ್ನೇ ಹಿಡಿದವರು. ಅವರ ಮನೆಯ ಗೋಡೆಯ ಮೇಲಿರುವ ಫೋಟೋ, ಸನ್ಮಾನಪತ್ರಗಳೆಲ್ಲ ಆ ಮೀನಿನ ಎಲುಬುಗಳು. ಎಲುಬನ್ನು ನೋಡಿ ಬೆರಗಾಗುವವರು ಬೇಕಾದಷ್ಟು ಜನ. ಕೈಗೆ ಆದ ಗಾಯವನ್ನು ನೋಡುವವರು ಯಾರು?

ಪರರಿಗೆ ಹೇಳುವ ಮೊದಲು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮಠದ ಹಳೆಯ ಭಕ್ತರೊಬ್ಬರು, ‘ಬುದ್ಧಿಯವರು ಒಮ್ಮೆ ಮನೆಗೆ ಬಂದು ಹೋಗಲಿ’ ಎಂದು ಹೇಳಿಕಳುಹಿಸಿದ್ದರು. ಕಾರ್ಯಕ್ರಮಗಳ ನಡುವೆ ನಾವು ನಾಳೆ, ನಾಡಿದ್ದು ಎಂದೆವು. ಕೊನೆಗೆ ಹೋದೆವು, ಅವರ ಅಂತ್ಯಕ್ರಿಯೆಗೆ. ಪೂಜೆಯ ಹೊತ್ತಿನಲ್ಲಿ ಇಂದಿಗೂ ಅವರ ಮುಖ ನಮ್ಮ ಕಣ್ಣ ಮುಂದೆ ಬರುತ್ತದೆ. ಜಂಗಮವೆಂದರೆ ಚಲಿಸುವುದು. ಬೇಕಾದಾಗ ಭಕ್ತನ ಬಾಗಿಲಿಗೆ ಚಲಿಸದ ಜಂಗಮ ಎಂಥ ಜಂಗಮ?

ಹಿರಿಯರಿಗೆ ನಾವು ಹೇಳುವುದಿಷ್ಟೆ: ಫಲ ಹೋಯಿತೆಂದು ಕಾಯಕ ವ್ಯರ್ಥವಾಯಿತೆಂದು ಕೊರಗಬೇಡಿ. ನಿಮಗೆ ಬಂದದ್ದನ್ನು ಬೀದಿಯ ಒಂದು ಮಗುವಿಗಾದರೂ ಕಲಿಸಿ. ಕಿರಿಯರಿಗೆ ಹೇಳುವುದು ಇನ್ನೂ ಚಿಕ್ಕದು. ಇಂದು ಪ್ರಸಾದ ಮುಗಿಸಿ ಮನೆಗೆ ಹೋಗುವಾಗ, ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಕದ ತಟ್ಟಿ. ಕಾಫಿ ಕಾಯಿಸಿ ಕೊಡಿ, ಅವರು ಹೇಳುವ ಹಳೆಯ ಕಥೆಯನ್ನು ಇನ್ನೊಮ್ಮೆ ಕೇಳಿ. ಅದೂ ದಾಸೋಹವೇ.

ನಾವೂ ಸಂಜೆ ಹೊರಡುವ ಮೊದಲು ಆ ಗಡಿಯಾರದ ಮನೆಗೆ ಹೋಗಿ ಬರುವವರಿದ್ದೇವೆ. ಮಕ್ಕಳಲ್ಲಿ ಯಾರಾದರೂ ಇಬ್ಬರು ನಮ್ಮ ಜೊತೆ ಬನ್ನಿ.