ಬಯಲುಸೀಮೆಯವರ ಕಡಲವಿಹಾರ



ಬಳ್ಳಾರಿಯ ಬೇಸಗೆಯಲ್ಲಿ ಬೆಂದ ನಮಗೆ ವಿಹಾರದ ಆಸೆ ಸಹಜವಾದುದು. ಸಮೀಪದಲ್ಲಿಯೇ ಕುರುಗೋಡಿದೆ; ಏಕಶಿಲೆಯ ದೊಡ್ಡಬಸವಣ್ಣನನ್ನು ಕಂಡು, ಬೆಟ್ಟದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಒಂದು ದಿನ ಸುಖವಾಗಿ ಕಳೆಯುವುದು. ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯೂ ಇದೆ, ನಿಟ್ಟೂರಿನ ಅಶೋಕಶಾಸನವೂ ಇದೆ. ಇನ್ನು ನಾಲ್ಕು ಮನೆಯವರು ಕೂಡಿ ಕಡಲಿಗೇ ಹೊರಡುವುದಾದರೆ, ಹೊಸಪೇಟೆ, ಗದಗು, ಹುಬ್ಬಳ್ಳಿಗಳನ್ನು ದಾಟುವ ರೈಲುಹಾದಿಯು ಕ್ಯಾಸಲ್‌ರಾಕಿನಿಂದ ಘಟ್ಟವನ್ನಿಳಿದು, ದೂಧಸಾಗರದ ಜಲಪಾತವನ್ನು ತೋರಿಸಿ, ನಮ್ಮನ್ನು ಗೋವೆಗೆ ಮುಟ್ಟಿಸುವುದು.

ಆದರೆ ಹೊಳೆಯಲ್ಲಿ ಈಜು ಕಲಿತ ಧೈರ್ಯವನ್ನು ನಾವು ಕಡಲಿಗೆ ಒಯ್ಯಲಾಗದು. ಹೊಳೆಯ ಸೆಳವು ದಡಗಳ ನಡುವೆ ಹರಿಯುವುದು. ಕಡಲಿನಲ್ಲಿಯಾದರೋ ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಹಾದಿ ಹಿಡಿದು ರಭಸದಿಂದ ಒಳಕ್ಕೆ ಹಿಂದಿರುಗುವುದು. ಅಲೆ ಮುರಿಯದೆ ಶಾಂತವಾಗಿ ತೋರುವ ತಾಣವೇ ಅನೇಕ ವೇಳೆ ಆ ಹಾದಿ! ಅದರಲ್ಲಿ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ದಣಿಯಬಾರದು. ಗಾಬರಿಗೊಳ್ಳದೆ ತೇಲುತ್ತ, ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ಅಲೆಗಳೊಡನೆ ಮರಳಬೇಕು. ಒಬ್ಬರನ್ನು ಉಳಿಸಲು ಮತ್ತೊಬ್ಬರು ಧುಮುಕಿದರೆ ಇಬ್ಬರೂ ಮುಳುಗುವ ಭಯವುಂಟು. ತೇಲುವ ವಸ್ತುವನ್ನೆಸೆದು ಜೀವರಕ್ಷಕರನ್ನು ಕೂಗುವುದೇ ಲೇಸು.

ಆದುದರಿಂದ ಕೆಂಪು ಬಾವುಟವಿರುವಲ್ಲಿ ನೀರಿಗಿಳಿಯದಿರೋಣ. ಉಳಿದೆಡೆಯಲ್ಲಿಯೂ ತಲೆಗಳನ್ನೆಣಿಸಿ, ದಡದಲ್ಲಿ ನಿಂತು ನೋಡಿಕೊಳ್ಳಲು ಒಬ್ಬರನ್ನು ನೇಮಿಸೋಣ. ಹೊರಟಷ್ಟು ಮಂದಿಯೂ ಬಳ್ಳಾರಿಯ ನಿಲ್ದಾಣದಲ್ಲಿ ನಗುನಗುತ್ತ ಇಳಿದರೆ ವಿಹಾರವು ಸಾರ್ಥಕವಾಯಿತೆನ್ನಬಹುದು.