ಹೊಳೆಯ ಬೇಸಿಗೆ ನೀರು ಬೆಟ್ಟದಲ್ಲಿದೆ

(ಅಘನಾಶಿನಿ ಜಲಾನಯನ ಪ್ರದೇಶದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶರಾವತಿಗೆ ಲಿಂಗನಮಕ್ಕಿಯಲ್ಲಿ, ಕಾಳಿಗೆ ಸೂಪಾದಲ್ಲಿ ಅಣೆಕಟ್ಟು ಬಂದಿತು. ಶಿರಸಿಯ ಶಂಕರಹೊಂಡ ಹಾಗೂ ಮಂಜುಗುಣಿ ಕಡೆಯ ಹಳ್ಳಗಳಿಂದ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತ ದಿನದಿಂದ ಈ ಸೀಮೆಯಲ್ಲಿ ಎಚ್ಚರವೊಂದು ಬೆಳೆದು ಬಂದಿದೆ. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಕರಾವಳಿಯವರೂ ಘಟ್ಟದವರೂ ಅದನ್ನು ವಿರೋಧಿಸಿದರು. 2011ರಲ್ಲಿ ಕಣಿವೆಯ ಕಾಡಿನ ಒಂದು ಭಾಗ ಸಿಂಗಳೀಕಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ 4,801 ಹೆಕ್ಟೇರ್ ಅಳಿವೆ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಹೊಳೆ ಬತ್ತಲು ಅಣೆಕಟ್ಟೇ ಆಗಬೇಕೆಂದಿಲ್ಲ. ಮಾರ್ಚ್ ತಿಂಗಳಲ್ಲಿ ನಿಮ್ಮ ಊರಿನ ಅಬ್ಬಿಯ ಬಳಿ ಹೋಗಿ ನೋಡಿದರೆ ನನ್ನ ಮಾತಿನ ಅರ್ಥ ತಿಳಿಯುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಯಾವ ಇಲಾಖೆಯ ಬಾಗಿಲಲ್ಲೂ ಹುಡುಕಬೇಕಾಗಿಲ್ಲ. ಅದು ನಮ್ಮ ತೋಟದ ಮೇಲ್ಗಡೆ ಇರುವ ಸೊಪ್ಪಿನ ಬೆಟ್ಟದಲ್ಲಿದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್. ವರ್ಷಕ್ಕೆ 2,500 ಮಿಲಿಮೀಟರ್ ಬೀಳುವ ಊರಿನಲ್ಲಿ ಪ್ರತಿ ಎಕರೆಗೂ ಒಂದು ಕೋಟಿ ಲೀಟರ್ ನೀರು ಬಂದಂತಾಯಿತು. ಅದರ ಬಹುಭಾಗ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ಹಳ್ಳದಲ್ಲಿ ಹರಿಯುವುದು ಬಹುಮಟ್ಟಿಗೆ ಮಣ್ಣು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ನೀರು. ನೆಲದ ಮೇಲೆ ದರಕಿನ ಹಾಸಿದ್ದರೆ ಹನಿಯ ಪೆಟ್ಟು ಮಣ್ಣಿಗೆ ತಾಗದು. ಎರೆಹುಳು, ಗೆದ್ದಲು, ಬೇರುಗಳು ಮಾಡಿದ ಸಣ್ಣ ರಂಧ್ರಗಳು ತೆರೆದೇ ಇರುತ್ತವೆ. ದರಕನ್ನು ಪೂರ್ತಿ ಗುಡಿಸಿ ತಂದರೆ ಆ ರಂಧ್ರಗಳು ಕೆಸರಿನಿಂದ ಮುಚ್ಚಿ, ನೀರು ಕೆಂಪಾಗಿ ಇಳಿದುಹೋಗುತ್ತದೆ.

ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆತಿತ್ತು. ಹಿಂದಿನವರು ಇದನ್ನು ಗೊಬ್ಬರದ ಲೆಕ್ಕದಲ್ಲಿ ಪಡೆದರು. ನಾವು ಇದನ್ನು ನೀರಿನ ಲೆಕ್ಕದಲ್ಲಿಯೂ ನೋಡಬೇಕಾಗಿದೆ. ಬೆಟ್ಟ ಬೋಳಾದ ಕಡೆ ತೋಟದ ಬಾವಿಯೂ ಬೇಗ ಇಳಿಯುವುದನ್ನು ಕೃಷಿಕರೇ ಹೇಳುತ್ತಾರೆ. ಇನ್ನು ಅಡಿಕೆಯ ಬೆಲೆ ಏರಿದಂತೆ ಕಣಿವೆಯ ಗದ್ದೆಗಳೂ ತೋಟಗಳಾದವು. ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುತ್ತಿದ್ದ ಗದ್ದೆಯ ಜಾಗದಲ್ಲಿ ಈಗ ನೀರನ್ನು ಹೊರಹಾಕುವ ಬಸಿಗಾಲುವೆಗಳಿವೆ. ಬೆಲೆಯ ಮುಂದೆ ಉಪದೇಶ ನಿಲ್ಲದು ಎಂಬುದನ್ನು ನಾನು ಬಲ್ಲೆ; ಉಳಿದಿರುವ ಗದ್ದೆಗಳನ್ನಾದರೂ ಉಳಿಸಿಕೊಳ್ಳೋಣ ಎಂದಷ್ಟೇ ವಿನಂತಿ.

ಸ್ವಯಂಸೇವಕರು ಉತ್ಸಾಹದಿಂದ ಇಂಗುಗುಂಡಿ ತೋಡುತ್ತಿದ್ದೀರಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟಗಳು ಹೂತುಹೋದದ್ದು ನಿಮಗೆ ನೆನಪಿರಬಹುದು. ಆಳವಾದ ಸಡಿಲ ಮಣ್ಣಿರುವ ಕಡಿದಾದ ಇಳಿಜಾರಿನಲ್ಲಿ ಗುಂಡಿ, ಅಗಳ ತೋಡಿ ನೀರು ನಿಲ್ಲಿಸುವುದು ಅಪಾಯಕರ. ನೆಲಕ್ಕೆ ಭಾರವೂ ಹೆಚ್ಚುತ್ತದೆ, ಮಣ್ಣಿನ ಹಿಡಿತವೂ ಸಡಿಲಗೊಳ್ಳುತ್ತದೆ. ಅಂತಹ ಕಡೆ ಗುದ್ದಲಿಯನ್ನು ಮನೆಯಲ್ಲೇ ಬಿಟ್ಟು, ಸ್ಥಳೀಯ ಗಿಡಗಳು ತಾವಾಗಿ ಏಳುವಂತೆ ಬೇಲಿ ಹಾಕಿ, ಬೆಂಕಿ ಬೀಳದಂತೆ ಕಾಯುವುದೇ ಮೇಲು. ಗುಂಡಿಗಳು ಸಮತಟ್ಟಾದ ನೆಲಕ್ಕಿರಲಿ. ಎಷ್ಟು ಗುಂಡಿ ತೋಡಿದೆವೆಂಬ ವರದಿಗಿಂತ ಎಲ್ಲಿ ತೋಡಲಿಲ್ಲ ಎಂಬ ವಿವೇಚನೆ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆಯೂ ಒಂದು ಮಾತು. ಅದರ ಮೈಲುತುತ್ತದಲ್ಲಿರುವ ತಾಮ್ರ ಮೀನು, ಚಿಪ್ಪುಜೀವಿಗಳಿಗೆ ವಿಷ. ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯದೆ ತೋಟದ ಅಂಚಿನಲ್ಲೇ ತೊಳೆಯಿರಿ. ಕೆಳಗೆ ಕುಮಟಾದ ಅಳಿವೆಯಲ್ಲಿ ಹೆಂಗಸರು ಬಳಚು ಆರಿಸಿ ಸಂಸಾರ ಸಾಗಿಸುತ್ತಾರೆ. ಗಜನಿಯ ಕಗ್ಗ ಭತ್ತ ಉಪ್ಪನ್ನು ತಾಳಿಕೊಳ್ಳುವ ತಳಿಯಾದರೂ ಅದಕ್ಕೂ ಮಳೆಗಾಲದ ಸಿಹಿನೀರು ಬೇಕು. ನಮ್ಮ ಹಳ್ಳದ ಕೊನೆಯ ಬಳಕೆದಾರರು ಅವರು.

ಈಗ ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ಹಳ್ಳದಲ್ಲಿ ನೀರು ಒಂದೆಡೆ ಕೂಡಿ ಬೀಳುವ ಜಾಗ ಹುಡುಕಿ, ಅಡಿಕೆ ದಬ್ಬೆ ಇಟ್ಟು, 20 ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು 40 ಸೆಕೆಂಡು ಹಿಡಿದರೆ ಅದು ದಿನಕ್ಕೆ 43,200 ಲೀಟರ್. ಮೂರು ಸಲ ಅಳೆದು ಸರಾಸರಿ ಬರೆಯಿರಿ. ದೀಪಾವಳಿಯಿಂದ ಮುಂಗಾರಿನವರೆಗೆ ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ, ಪಂಪು ಚಾಲೂ ಇಲ್ಲದ ಹೊತ್ತಿನಲ್ಲಿ ಅಳೆಯಬೇಕು. ನೋಟ್ ಪುಸ್ತಕದ ಮೊದಲ ಪುಟದಲ್ಲಿ ಹಳ್ಳದ ಹೆಸರು, ಮೇಲಿನ ಬೆಟ್ಟದ ಸ್ಥಿತಿ, ಕಳೆದ ಮಳೆಗಾಲದ ಮಳೆ ಇಷ್ಟನ್ನು ಬರೆದಿಡಿ. ಹಳ್ಳಕ್ಕೆ ಹೆಸರು ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಯನ್ನು ಕೇಳಿ.