ನೆಲ ಕೊಟ್ಟವರಿಗೆ ನೆಲೆ ಎಲ್ಲಿ?

ಕನ್ನಡದ ಯುವಮಿತ್ರರೇ,

2008ರ ಮೇ 24ರಂದು ದೇವನಹಳ್ಳಿಯಿಂದ ವಿಮಾನ ಹಾರತೊಡಗಿತು. ನಿಲ್ದಾಣದ ಸುತ್ತ ಈಗ ಕಾರ್ಖಾನೆ, ಹೋಟೆಲು, ಬಡಾವಣೆಗಳ ಹೊಸ ಊರೇ ಎದ್ದಿದೆ. ಬೆಳೆಯಲಿ, ಬೇಡವೆನ್ನುವವರು ಯಾರು? ಆದರೆ ಚಕ್ಕೋತ, ದ್ರಾಕ್ಷಿ, ರೇಷ್ಮೆ ಬೆಳೆದ ಕೈಗಳಿಗೆ ಅಲ್ಲಿ ಪೊರಕೆಯೊಂದೇ ಗತಿಯೇ?

ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಒಪ್ಪಿ ಕೊಡುವವರಿಂದ ಮಾತ್ರ ಭೂಮಿ ಎಂದಿತು. ಒಗ್ಗಟ್ಟಿನ ಬಲ ಇದು!

ಗೆಳೆಯರೇ, ನೆಲ ಉಳಿಸಿದರೆ ಸಾಲದು, ಕೆಲಸವನ್ನೂ ಗಳಿಸಬೇಕು. ಐಟಿಐ, ಡಿಪ್ಲೊಮಾ ಓದಿದವರು ವಿಮಾನ ರಿಪೇರಿಯ ತರಬೇತಿ ಕೇಳಿ, ಕಲಿಯಿರಿ. ಭೂಮಿ ಕೊಡುವವರು ಮನೆಗೊಂದು ಕಾಯಂ ಕೆಲಸವೆಂದು ಕರಾರಿನಲ್ಲೇ ಬರೆಸಿಕೊಳ್ಳಲಿ. ಬಾಗಿಲ ಮೇಲೆ ಕೆಂಪೇಗೌಡರ ಹೆಸರಿದೆ. ಒಳಗೆ ಈ ನೆಲದ ಮಕ್ಕಳೂ ಇರಬೇಕು.

ಜೈ ಕರ್ನಾಟಕ!